ಎದೆ ಮೇಲಿನ ಕೀಲಾಯ್ಡ್‌ಗೆ ಇಂಜೆಕ್ಷನ್ನಾ, ಆಪರೇಷನ್ನಾ? ಅನುಭವ ಇದ್ದವರು ಹೇಳಿ

ದಾವಣಗೆರೆ ಅಕ್ಕ: ತಂಗಿಗೆ 24 ವರ್ಷ. ಎದೆ ಮೇಲೆ ಮೊಡವೆ ಒಡೆದ ಜಾಗದಲ್ಲಿ ಹುಣಸೆಬೀಜದಷ್ಟು ಕೀಲಾಯ್ಡ್, ಅಂದರೆ ಗಾಯದ ಗೆರೆ ದಾಟಿ ಉಬ್ಬುವ ಕಲೆಗಂಟು, ಬೆಳೆದಿದೆ. ರಾತ್ರಿಯೆಲ್ಲ ತುರಿಕೆ. ಮದುವೆಗೆ ಐದು ತಿಂಗಳಿದೆ. ಒಬ್ಬ ಡಾಕ್ಟರು ಇಂಜೆಕ್ಷನ್ ಅಂದರು, ಇನ್ನೊಬ್ಬರು ಕತ್ತರಿಸಿ ತೆಗೆಯೋಣ ಅಂದರು. ಮಾಡಿಸಿಕೊಂಡವರು ಹೇಳಿ.

ಮೈಸೂರಿನವಳು: ಬರೀ ಕತ್ತರಿಸಿ ಬಿಡಬೇಡಿ, ದಯವಿಟ್ಟು. 2018ರಲ್ಲಿ ಕಿವಿಗೆ ಎರಡನೇ ತೂತು ಚುಚ್ಚಿಸಿದೆ. ಆರು ತಿಂಗಳಿಗೆ ಕಡಲೆಕಾಳಿನಷ್ಟು ಗಂಟು. ಒಂದು ನರ್ಸಿಂಗ್ ಹೋಮ್‌ನಲ್ಲಿ ತೆಗೆಸಿದೆ. ಆಪರೇಷನ್‌ಗೆ 14,000, ಔಷಧಿಗೆ 1,150, ಹೊಲಿಗೆ ಬಿಚ್ಚಲು ಮತ್ತೆ 500. ಆಮೇಲೆ ಇಂಜೆಕ್ಷನ್ ಬೇಕಾಗುತ್ತದೆ ಅಂತ ಯಾರೂ ಹೇಳಲಿಲ್ಲ. ನಾಲ್ಕೇ ತಿಂಗಳಿಗೆ ಮತ್ತೆ ಬಂತು, ಈ ಸಲ ನೆಲ್ಲಿಕಾಯಿ ಗಾತ್ರ! ಬೇರೆ ಕಡೆ ಹೋದೆ. ಗಂಟು ಮರಳದಿರಲಿ ಅಂತ ಕತ್ತರಿಸಿದ ಮಾರನೇ ದಿನದಿಂದ ಮೂರು ಸಲ ರೇಡಿಯೇಷನ್ ಕೊಟ್ಟರು. ಕ್ಯಾನ್ಸರ್ ವಿಭಾಗದ ಹೊರಗೆ ಕೂತಿದ್ದನ್ನು ನೆಂಟರೊಬ್ಬರು ನೋಡಿ, ಊರಿಗೆಲ್ಲ ಸುದ್ದಿ ಹಬ್ಬಿಸಿದರು. ಒಟ್ಟು 61,000 ಆಯ್ತು. ಮೂರು ವರ್ಷದಿಂದ ಗಂಟು ಬಂದಿಲ್ಲ. ಆ ಕಿವಿಗೆ ಓಲೆ ಮಾತ್ರ ಇವತ್ತಿಗೂ ಹಾಕಿಲ್ಲ.

ಹುಬ್ಬಳ್ಳಿ ಮೇಷ್ಟ್ರು: ನನಗೆ ಭುಜದ ಮೇಲಿತ್ತು. ಟ್ರಯಾಮ್ಸಿನೋಲೋನ್ ಅನ್ನುವ ಸ್ಟಿರಾಯ್ಡ್ ಇಂಜೆಕ್ಷನ್, ನಾಲ್ಕು ವಾರಕ್ಕೊಂದು, ಒಟ್ಟು ಒಂಬತ್ತು. ಖಾಸಗಿಯಲ್ಲಿ ಒಂದಕ್ಕೆ 1,800 ಕೊಟ್ಟೆ. ಮೂರಾದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ, ಅಲ್ಲಿ ಔಷಧಿಯ ದುಡ್ಡಷ್ಟೇ. ಮೊದಮೊದಲು ಗಂಟು ಎಷ್ಟು ಗಟ್ಟಿ ಅಂದರೆ ಔಷಧಿ ಒಳಗೆ ಇಳಿಯುತ್ತಲೇ ಇರಲಿಲ್ಲ. ಕಣ್ಣಲ್ಲಿ ನೀರು ಬರುತ್ತಿತ್ತು. ತುರಿಕೆ ಎರಡನೆಯದಕ್ಕೇ ನಿಂತಿತು, ಗಂಟು ತಗ್ಗಿದ್ದು ಐದನೆಯದರ ನಂತರ. ಆರನೆಯದಕ್ಕೆ ಸುತ್ತಲಿನ ಚರ್ಮ ಬೆಳ್ಳಗಾಗಿ ಸ್ವಲ್ಪ ಗುಳಿಯೂ ಬಿತ್ತು. ಬಣ್ಣ ಮರಳಲು ಒಂದು ವರ್ಷ ಬೇಕಾಯ್ತು. ಆದರೂ ಬ್ಲೇಡ್ ತಾಗಿಸದೆ ಗೆದ್ದೆ.

ಬೆಂಗಳೂರು ಹುಡುಗ: ಲೇಸರ್ ನೋಡಿ ಅಕ್ಕ. ಕೆನ್ನೆಯ ಮೊಡವೆ ಕಲೆಗೆ ಫ್ರಾಕ್ಷನಲ್ ಲೇಸರ್ (ಚರ್ಮದಲ್ಲಿ ಸಣ್ಣ ಸಣ್ಣ ಗಾಯ ಮಾಡಿ ಹೊಸ ಚರ್ಮ ಬರಿಸುವುದು) ಮಾಡಿಸಿದೆ, 7,500ರಂತೆ ನಾಲ್ಕು ಸಲ. ಮೂರನೆಯದಾದ ವಾರಕ್ಕೇ ಬಿಸಿಲಲ್ಲಿ ಬೈಕ್ ಓಡಿಸಿ, ಮುಖ ಐದು ತಿಂಗಳು ಕಪ್ಪಾಗಿತ್ತು. ಸನ್‌ಸ್ಕ್ರೀನ್‌ಗೇ ತಿಂಗಳಿಗೆ 900. ಕೊನೆಗೆ ಅರ್ಧಕ್ಕರ್ಧ ಗುಳಿ ತುಂಬಿತು.

ಮೈಸೂರಿನವಳು: ನಿಮ್ಮದು ಗುಳಿ ಬಿದ್ದ ಕಲೆ, ಅವರದ್ದು ಉಬ್ಬಿದ ಗಂಟು. ಕೀಲಾಯ್ಡ್ ಬೆಳೆಯುವ ಮೈಗೆ ಹೊಸ ಗಾಯ ಮಾಡಿದರೆ ಅಲ್ಲೂ ಗಂಟು ಏಳಬಹುದು. ಸುಮ್ನೆ ಹೆಣ್ಣುಮಗಳನ್ನು ದಾರಿ ತಪ್ಪಿಸಬೇಡಿ.

ಬೆಂಗಳೂರು ಹುಡುಗ: ಕೇಳಿದ್ದು ಅನುಭವ, ಹೇಳಿದ್ದೂ ಅನುಭವ. ನೀವು ಹೇಳಿದ್ದು ಕಿವಿಯದ್ದು, ಎದೆಯದ್ದಲ್ಲ, ಅಲ್ವಾ?

ಶಿರಸಿ ಅಮ್ಮ: ಚುಚ್ಚುವುದು, ಕತ್ತರಿಸುವುದು ಬಿಟ್ಟು ಬೇರೆ ದಾರಿಯೂ ಇದೆ. ನನ್ನ ಸಿಸೇರಿಯನ್ ಗಾಯ ಉಬ್ಬಿ ಕೆಂಪಾಗಿತ್ತು. ಸಿಲಿಕಾನ್ ಶೀಟ್ ದಿನಕ್ಕೆ 12 ತಾಸಿಗಿಂತ ಜಾಸ್ತಿ ಅಂಟಿಸಿಕೊಂಡೆ, ಐದು ತಿಂಗಳು. ತೊಳೆದು ಒಣಗಿಸಿ ಮತ್ತೆ ಬಳಸುತ್ತಿದ್ದೆ. ನಾಲ್ಕು ಶೀಟಿಗೆ 9,600. ಬೆವರಿಗೆ ಗುಳ್ಳೆ ಎದ್ದು ಎರಡು ವಾರ ನಿಲ್ಲಿಸಬೇಕಾಯ್ತು. ಈಗ ತೆಳ್ಳನೆ ಗೆರೆ ಅಷ್ಟೇ.

ಹುಬ್ಬಳ್ಳಿ ಮೇಷ್ಟ್ರು: ಗಾಯದ ಗೆರೆ ದಾಟಿ ಬೆಳೆಯದಿದ್ದರೆ ಅದು ಕೀಲಾಯ್ಡ್ ಅಲ್ಲ ತಾಯಿ. ಅಂಥದ್ದು ಕಾಲ ಕಳೆದಂತೆ ತಾನೇ ತಗ್ಗುವುದುಂಟು.

ಶಿರಸಿ ಅಮ್ಮ: ತಾನೇ ತಗ್ಗಿತಾ? ಕೂಸಿಗೆ ಹಾಲೂಡಿಸುತ್ತಾ, ರಾತ್ರಿ ಎದ್ದು ಶೀಟ್ ಸರಿಮಾಡಿಕೊಂಡವಳು ನಾನು. ನಿಮ್ಮ ಇಂಜೆಕ್ಷನ್ ಮಾತ್ರ ಕೆಲಸ ಮಾಡಿದ್ದಾ?

ಬೆಂಗಳೂರು ಹುಡುಗ: ಅಮ್ಮ ಹೇಳಿದ್ದು ಸರಿ. ಇಲ್ಲಿ ಬೇರೆಯವರ ನೋವಿಗೆ ಬೆಲೆಯೇ ಇಲ್ಲ.

ದಾವಣಗೆರೆ ಅಕ್ಕ: ಮೇಷ್ಟ್ರೇ, ಇಂಜೆಕ್ಷನ್ ಜೊತೆ ಮರಗಟ್ಟಿಸುವ ಔಷಧಿ ಹಾಕಿದ್ರಾ? ತಂಗಿಗೆ ಸೂಜಿ ಅಂದರೆ ಭಯ.

ಹುಬ್ಬಳ್ಳಿ ಮೇಷ್ಟ್ರು: ಬೆರೆಸಿಯೇ ಹಾಕಿದರು, ಆದರೂ ನೋವಿತ್ತು. ಜೊತೆಗೆ ನೀವು ಹೋಗಿ. ಅಮ್ಮಾ, ನಾನು ಹೇಳಿದ್ದು ಕಾಯಿಲೆಯ ಹೆಸರಷ್ಟೇ, ನಿಮ್ಮ ಕಷ್ಟ ಸುಳ್ಳು ಅಂದಿಲ್ಲ.

ಶಿರಸಿ ಅಮ್ಮ: ಅಂದ ಹಾಗೇ ಇತ್ತು.