ಅಪ್ಪನ ಕತ್ತಿನ ಸ್ಕ್ಯಾನ್: 'ಓಪಿಎಲ್ಎಲ್, ಮಿಕ್ಸೆಡ್ ಟೈಪ್, ಕೆ-ಲೈನ್ ನೆಗೆಟಿವ್'. ಇದರಲ್ಲಿ ಯಾವುದು ಮುಖ್ಯ?

ತೋಟದಮನೆ (ಸೋಮವಾರಪೇಟೆ)

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 63 ವರ್ಷ, ಶುಗರ್ ಇದೆ. ಕಳೆದ ಮಳೆಗಾಲದಿಂದ ಕತ್ತು ಬಿಗಿ, ಎರಡೂ ಕೈ ಜೋಮು. ಸ್ಪಾಂಡಿಲೋಸಿಸ್ ಅಂತ ಕಾಲರ್ ಹಾಕಿದ್ದರು, ನಾವೂ ವಯಸ್ಸಾಯ್ತಲ್ಲ ಅಂದುಕೊಂಡೆವು. ಈ ಸಲ ಕಾಫಿ ಕುಯ್ಲಿನಲ್ಲಿ ನೋಡಿದರೆ ಅಪ್ಪನ ಕೈಗೆ ಹಣ್ಣು ಒಂದೊಂದೇ ಸಿಗುತ್ತಿಲ್ಲ, ಹಣ್ಣಿನ ಜೊತೆ ಹಸಿರು ಕಾಯಿ, ಎಲೆ ಎಲ್ಲ ಕಿತ್ತು ಬರುತ್ತಿದೆ. ಅಂಗಿ ಗುಂಡಿ ಹಾಕಿಕೊಳ್ಳೋಕೆ ಅಮ್ಮನನ್ನು ಕರೆಯುತ್ತಾರೆ. ಮೈಸೂರಿಗೆ ಹೋಗಿ ಎಂಆರ್‌ಐ, ಆಮೇಲೆ ಸಿಟಿ ಮಾಡಿಸಿದೆವು. ರಿಪೋರ್ಟ್‌ನಲ್ಲಿ ಮೇಲೆ ಬರೆದಿದ್ದೇ ಇದೆ.

ಒಬ್ಬ ಡಾಕ್ಟರ್ ಮುಂದಿನಿಂದ ಆಪರೇಷನ್ ಅಂತಾರೆ, ಇನ್ನೊಬ್ಬರು ಹಿಂದಿನಿಂದ ಅಂತಾರೆ. ಸಂಬಂಧಿಕರೊಬ್ಬರು 'ಸೆಗ್ಮೆಂಟಲ್ ಆದರೆ ಸಣ್ಣದು, ಕಂಟಿನ್ಯುವಸ್ ಆದರೆ ದೊಡ್ಡದು, ಮಿಕ್ಸೆಡ್ ಅಂದರೆ ಮಧ್ಯದ್ದು' ಅಂದರು. ಹಾಗೇನಾ? ನಮ್ಮ ಚಿಕ್ಕಪ್ಪನಿಗೂ ಕತ್ತಿನಲ್ಲಿ ಮೂಳೆ ಬೆಳೆದಿದೆ ಅಂತ 'ಡಿಶ್' ಎಂದು ಬರೆದಿದ್ದಾರೆ, ಎರಡೂ ಒಂದೇ ಕಾಯಿಲೆಯಾ? ವಿರಾಜಪೇಟೆ ಕಡೆ ಕತ್ತಿನ ಉಳುಕು ತೆಗೆಯುವವರು ಇದ್ದಾರಂತೆ, ಒಮ್ಮೆ ತೋರಿಸಿ ಅಂತ ಮನೆಯಲ್ಲಿ ಒತ್ತಾಯ ಬೇರೆ.

ಎಕ್ಸ್‌ರೇರೂಮ್ (ಮಡಿಕೇರಿ)

ಉಳುಕು ತೆಗೆಯುವವರ ಹತ್ತಿರ ದಯವಿಟ್ಟು ಹೋಗಬೇಡಿ. ಕತ್ತು ತಿರುಗಿಸೋದು, ಎಳೆಯೋದು, ಕ್ಷೌರದ ಅಂಗಡಿಯಲ್ಲಿ ಲಟಕ್ ಅನ್ನಿಸೋದು ಎಲ್ಲ ಇವತ್ತಿಂದಲೇ ಬಂದ್. ಅಪ್ಪನ ಬೆನ್ನುಹುರಿಗೆ ಈಗಲೇ ಜಾಗ ಕಮ್ಮಿ ಇದೆ, ಇಂಥ ಕತ್ತಿಗೆ ಸಣ್ಣ ಪೆಟ್ಟು ಬಿದ್ದರೂ ಕೈಕಾಲು ಬಿದ್ದುಹೋಗಬಹುದು.

ಈಗ ಹೆಸರುಗಳ ವಿಷಯ. ಮೊದಲು ಕೇಳಬೇಕಾದ್ದು ಯಾವ ಲಿಗಮೆಂಟ್, ಅಂದರೆ ಮಣಿಗಳನ್ನು ಹಿಡಿದಿಡುವ ಪಟ್ಟಿ, ಮೂಳೆಯಾಗಿದೆ ಅಂತ. ಕತ್ತಿನ ಮಣಿಗಳ ಮುಂಭಾಗದಲ್ಲಿ ಒಂದು ಉದ್ದನೆ ಪಟ್ಟಿ ಇದೆ, ಮಣಿಗಳ ಹಿಂಭಾಗದಲ್ಲಿ ಇನ್ನೊಂದು. ಹಿಂದಿನ ಪಟ್ಟಿಗೆ ತಾಗಿಕೊಂಡೇ ಬೆನ್ನುಹುರಿ ಇರುತ್ತದೆ. ಓಪಿಎಲ್ಎಲ್ ಅಂದರೆ ಆ ಹಿಂದಿನ ಪಟ್ಟಿ ಗಟ್ಟಿಯಾಗಿರೋದು, ಅದು ದಪ್ಪವಾದಷ್ಟೂ ಬೆನ್ನುಹುರಿಯನ್ನೇ ಒತ್ತುತ್ತದೆ. ನಿಮ್ಮ ಚಿಕ್ಕಪ್ಪನ ಡಿಶ್ ಮುಂದಿನ ಪಟ್ಟಿಯದು. 1950ರಲ್ಲಿ ಫ್ರಾನ್ಸಿನ ಫಾರೆಸ್ಟಿಯೆ ಮತ್ತೊಬ್ಬರ ಜೊತೆ ಸೇರಿ ಅದನ್ನು ವಿವರಿಸಿದರು. ಸಾಲಾಗಿ ಕನಿಷ್ಠ ನಾಲ್ಕು ಮಣಿಗಳ ಮುಂದೆ ಮೂಳೆ ನೀರು ಹರಿದ ಹಾಗೆ ಬೆಳೆದು ಕಾಣಬೇಕು, ನಡುವಿನ ಡಿಸ್ಕ್ ಎತ್ತರ ಉಳಿದಿರಬೇಕು, ಬೆನ್ನುಮೂಳೆಯ ಬುಡ ಸೊಂಟದ ಮೂಳೆಗೆ ಸೇರುವ ಕೀಲು ಸವೆದಿರಬಾರದು. ಇದು 1976ರಿಂದ ಬಳಕೆಯಲ್ಲಿರುವ ಲೆಕ್ಕ. ಕತ್ತಿನಲ್ಲಿ ಅದು ಜಾಸ್ತಿಯಾದರೆ ತುತ್ತು ನುಂಗೋಕೆ ಕಷ್ಟ ಆಗುತ್ತದೆ, ಬೆನ್ನುಹುರಿಗೆ ನೇರ ತೊಂದರೆ ಕಮ್ಮಿ. ಆದರೆ ಒಬ್ಬರಿಗೇ ಎರಡೂ ಇರಬಹುದು, ಹಾಗಾಗಿ ಚಿಕ್ಕಪ್ಪನ ಫಿಲ್ಮ್‌ನಲ್ಲಿ ಹಿಂದಿನ ಪಟ್ಟಿಯನ್ನೂ ನೋಡಿಸಿಬಿಡಿ.

ಮಿಕ್ಸೆಡ್, ಸೆಗ್ಮೆಂಟಲ್ ಅನ್ನೋದು ಕಾಯಿಲೆ ಎಷ್ಟು ದೂರ ಹೋಗಿದೆ ಅಂತ ಹೇಳುವ ಮೆಟ್ಟಿಲುಗಳಲ್ಲ, ಆಕಾರದ ಹೆಸರು ಅಷ್ಟೇ. ಜಪಾನಿನ ಆರೋಗ್ಯ ಸಚಿವಾಲಯದ ಸಮಿತಿ 1981ರಲ್ಲಿ ಹೀಗೆ ವಿಂಗಡಿಸಿತು. ಒಂದು ಮಣಿಯಿಂದ ಇನ್ನೊಂದಕ್ಕೆ ಡಿಸ್ಕ್ ದಾಟಿ ಉದ್ದಕ್ಕೆ ಹೋದರೆ ಕಂಟಿನ್ಯುವಸ್, ಪ್ರತಿ ಮಣಿಯ ಹಿಂದೆ ತುಂಡುತುಂಡಾಗಿದ್ದರೆ ಸೆಗ್ಮೆಂಟಲ್, ಎರಡೂ ಸೇರಿದ್ದರೆ ಮಿಕ್ಸೆಡ್, ಬರೀ ಡಿಸ್ಕ್ ಹಿಂದೆ ಒಂದು ಕಡೆ ಇದ್ದರೆ ನಾಲ್ಕನೆಯದು. ಸೆಗ್ಮೆಂಟಲ್ ಇದ್ದವರಿಗೂ ನಡಿಗೆ ಕೆಡುತ್ತದೆ. ತುಂಡುಗಳ ನಡುವೆ ಕತ್ತು ಇನ್ನೂ ಅಲ್ಲಾಡುತ್ತಿರುತ್ತದೆ, ಆ ಅಲ್ಲಾಟವೂ ಬೆನ್ನುಹುರಿಗೆ ಪೆಟ್ಟೇ. ಅದಕ್ಕೇ ಈಚೆಗೆ ಸಿಟಿ ನೋಡಿ ಮಣಿ-ಮಣಿ ಸೇತುವೆ ಕಟ್ಟಿಕೊಂಡಿದೆಯಾ ಇಲ್ಲವಾ ಅಂತಲೂ ವಿಂಗಡಿಸುತ್ತಾರೆ. ಎಂಆರ್‌ಐ ಒಂದನ್ನೇ ನಂಬಿದರೆ ಸಣ್ಣ ತುಂಡುಗಳು ಡಿಸ್ಕ್ ಉಬ್ಬಿದ ಹಾಗೆ ಕಾಣಿಸಿ ತಪ್ಪಿಹೋಗುತ್ತವೆ. ಸಿಟಿ ಮಾಡಿಸಿದ್ದು ಒಳ್ಳೆಯದಾಯಿತು.

ನಿಮಗೆ ಬೇಕಾದ್ದು ಜಾಗದ ಲೆಕ್ಕ. ಸಿಟಿಯಲ್ಲಿ ತೀರಾ ಕಿರಿದಾದ ಕಡೆ, ಬೆನ್ನುಹುರಿ ಹಾದುಹೋಗುವ ನಾಳದ ಎಷ್ಟು ಪಾಲನ್ನು ಮೂಳೆ ತಿಂದಿದೆ, ಎಷ್ಟು ಮಿಲಿಮೀಟರ್ ಉಳಿದಿದೆ ಅಂತ ಕೇಳಿ. ಜಪಾನಿನಲ್ಲಿ ಮಾತ್ಸುನಾಗ ಮತ್ತು ಸಂಗಡಿಗರು ವರ್ಷಗಟ್ಟಲೆ ರೋಗಿಗಳನ್ನು ನೋಡಿಕೊಂಡು ಬಂದರು. ನಾಳದ 60 ಶೇಕಡಾ ಅಥವಾ ಜಾಸ್ತಿ ಮುಚ್ಚಿದವರಿಗೆಲ್ಲ ಬೆನ್ನುಹುರಿಯ ತೊಂದರೆ ಇತ್ತು. 6 ಮಿಲಿಮೀಟರಿಗಿಂತ ಕಮ್ಮಿ ಜಾಗ ಉಳಿದವರಿಗೂ ಅಷ್ಟೇ. ಆದರೆ ಮೊದಲು ತೋರಿಸಿದಾಗ ಬೆನ್ನುಹುರಿಯ ಲಕ್ಷಣವೇ ಇಲ್ಲದವರಲ್ಲಿ 30 ವರ್ಷ ಆದರೂ ತೊಂದರೆ ಬರದೆ ಉಳಿಯುವವರು ಸುಮಾರು 71 ಶೇಕಡಾ. ಅಂದರೆ ಸ್ಕ್ಯಾನ್‌ನಲ್ಲಿ ಕಂಡ ಕೂಡಲೇ ಎಲ್ಲರಿಗೂ ಚಾಕು ಹಾಕಬೇಕಿಲ್ಲ. ನಿಮ್ಮ ಅಪ್ಪನ ವಿಷಯ ಬೇರೆ, ಕೈ ಆಗಲೇ ಸೋತಿದೆ.

ಕೆ-ಲೈನ್ ಅನ್ನೋದು 2008ರಲ್ಲಿ ಫುಜಿಯೋಶಿ ಮತ್ತು ಸಂಗಡಿಗರು ಕೊಟ್ಟ ಅಳತೆ. ಕತ್ತು ಸಹಜವಾಗಿ ಇಟ್ಟು ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲಿ ಎರಡನೇ ಮಣಿಯ ಮಟ್ಟದಲ್ಲಿ ನಾಳದ ಮಧ್ಯದಿಂದ ಏಳನೇ ಮಣಿಯ ಮಟ್ಟದ ಮಧ್ಯಕ್ಕೆ ಗೆರೆ ಎಳೆಯುತ್ತಾರೆ. ಮೂಳೆ ಆ ಗೆರೆ ದಾಟಿ ಹಿಂದೆ ಬಂದರೆ ನೆಗೆಟಿವ್. ಮೂಳೆ ದಪ್ಪ ಇದ್ದರೂ ಹೀಗಾಗುತ್ತದೆ, ಕತ್ತು ಮುಂದಕ್ಕೆ ಬಾಗಿದ್ದರೂ ಆಗುತ್ತದೆ. ಹಿಂದಿನಿಂದ ಬಾಗಿಲು ತೆರೆದ ಹಾಗೆ ಮೂಳೆ ಎತ್ತಿ ಜಾಗ ಮಾಡುತ್ತಾರಲ್ಲ, ಲ್ಯಾಮಿನೋಪ್ಲಾಸ್ಟಿ, ಅದರ ಫಲ ನೆಗೆಟಿವ್ ಇದ್ದವರಲ್ಲಿ ಕಮ್ಮಿ. ಬೆನ್ನುಹುರಿ ಹಿಂದಕ್ಕೆ ಸರಿಯೋಕೆ ಆಗುವುದಿಲ್ಲ, ಮುಂದಿನ ಒತ್ತಡ ಹಾಗೇ ಉಳಿಯುತ್ತದೆ.

ಕಾವೇರಿಕಡೆ (ಕುಶಾಲನಗರ)

ಹಾಗಾದರೆ ಹಿಂದಿನಿಂದ ಅಂದ ಡಾಕ್ಟರ್ ಹೇಳಿದ್ದು ತಪ್ಪಾ? ಇನ್ನೊಂದು, ಪಾವಗಡದಲ್ಲಿರುವ ನಮ್ಮ ಭಾವನಿಗೆ ಇದೇ ಥರ ಕತ್ತು, ಬೆನ್ನು ಎರಡೂ ಸೆಟೆದಿದೆ. ಅಲ್ಲಿ ನೀರಿನ ಫ್ಲೋರೈಡ್ ಅಂತಾರೆ.

ಎಕ್ಸ್‌ರೇರೂಮ್ (ಮಡಿಕೇರಿ)

ತಪ್ಪು ಅಂತ ಹೇಳೋಕಾಗಲ್ಲ. ಹಿಂದಿನಿಂದ ಅಂದರೆ ಬರೀ ಲ್ಯಾಮಿನೋಪ್ಲಾಸ್ಟಿನಾ, ಅಥವಾ ಒತ್ತಡ ಬಿಡಿಸಿ ರಾಡು-ಸ್ಕ್ರೂ ಹಾಕಿ ಮಣಿಗಳನ್ನು ಬೆಸೆಯೋದಾ? ಎರಡನೆಯದಾದರೆ ಕೆ-ಲೈನ್ ನೆಗೆಟಿವ್ ಇದ್ದವರಿಗೂ ಮಾಡುತ್ತಾರೆ. ಮುಂದಿನಿಂದ ಹೋದರೆ ಒತ್ತುತ್ತಿರುವ ಮೂಳೆಗೇ ಕೈ ಹಾಕಬಹುದು, ಆದರೆ ಬೆನ್ನುಹುರಿಯ ಹೊದಿಕೆಯೂ ಮೂಳೆಯಾಗಿ ಅದಕ್ಕೇ ಅಂಟಿಕೊಂಡಿದ್ದರೆ ಬಿಡಿಸುವಾಗ ಹರಿದು ನೀರು ಸೋರುತ್ತದೆ. ಸಿಟಿಯಲ್ಲಿ ಎರಡು ಬಿಳಿ ಗೆರೆ, ನಡುವೆ ಕಪ್ಪು ಗೆರೆ ಕಂಡರೆ ಆ ಅನುಮಾನ. ತೋಟದಮನೆಯವರೇ, 'ಡಬಲ್ ಲೇಯರ್ ಇದೆಯಾ' ಅಂತ ಇಬ್ಬರಿಗೂ ಕೇಳಿ. ಕೆ-ಲೈನ್ ಎಳೆದಿದ್ದು ಕೂತು ಅಥವಾ ನಿಂತು ತೆಗೆದ ಎಕ್ಸ್‌ರೇಯಲ್ಲಾ, ಮಲಗಿಸಿ ಮಾಡಿದ ಸಿಟಿಯಲ್ಲಾ ಅಂತಲೂ ಕೇಳಿ, ಮಲಗಿದಾಗ ಕತ್ತಿನ ಬಾಗು ಬದಲಾಗುತ್ತದೆ.

ಕಾವೇರಿಕಡೆಯವರೇ, ಪಾವಗಡ, ಕೋಲಾರ, ರಾಯಚೂರು ಕಡೆ ಅದು ನಿಜವಾದ ಸಮಸ್ಯೆ. ಫ್ಲೋರೈಡ್ ಜಾಸ್ತಿಯಾಗಿ ಬರುವ ಫ್ಲೋರೋಸಿಸ್ ಇದ್ದರೆ ಕತ್ತಿನ ಒಂದು ಪಟ್ಟಿ ಮಾತ್ರ ಗಟ್ಟಿಯಾಗೋದಲ್ಲ, ಮೂಳೆಗಳೆಲ್ಲ ಎಕ್ಸ್‌ರೇಯಲ್ಲಿ ಹೆಚ್ಚು ಬೆಳ್ಳಗೆ ಕಾಣುತ್ತವೆ. ಮುಂಗೈಯ ಎಕ್ಸ್‌ರೇ ತೆಗೆಸಿ. ಎರಡು ಮೂಳೆಗಳ ನಡುವಿನ ಪೊರೆ ಮೂಳೆಯಾಗಿದ್ದರೆ ಅದು ದೊಡ್ಡ ಸುಳಿವು. ಕುಡಿಯುವ ನೀರನ್ನೂ ಪರೀಕ್ಷೆಗೆ ಕೊಡಿ, ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ ಒಪ್ಪುತ್ತಾರೆ.

ಪುತ್ತರಿ (ವಿರಾಜಪೇಟೆ)

ನಮ್ಮ ಅತ್ತೆಗೆ ಇದೇ ಆಪರೇಷನ್ ಆಗಿದೆ, ಹಿಂದಿನಿಂದ. ಅವರದು ಕೆ-ಲೈನ್ ಪಾಸಿಟಿವ್ ಇತ್ತು. ಜೋಮು ಪೂರ್ತಿ ಹೋಗಿಲ್ಲ, ಆದರೆ ಅನ್ನ ಕಲೆಸಿ ತಾವೇ ಊಟ ಮಾಡುತ್ತಾರೆ, ಮೊದಲು ಚಮಚ ಬೇಕಿತ್ತು. ತಡ ಮಾಡಿದಷ್ಟೂ ವಾಪಸ್ ಬರೋದು ಕಮ್ಮಿ ಅಂತ ನಮಗೆ ಮೊದಲೇ ಹೇಳಿದ್ದರು. ಮನೆಯಲ್ಲೇ ನೋಡೋಕೆ ಒಂದು ಪರೀಕ್ಷೆ ಕಲಿಸಿದ್ದಾರೆ: 10 ಸೆಕೆಂಡಿನಲ್ಲಿ ಮುಷ್ಟಿ ಬಿಗಿ ಹಿಡಿದು ಪೂರ್ತಿ ಬಿಡಿಸೋದು, 20 ಸಲ ಆಗಬೇಕು. ಅಪ್ಪನ ಎರಡೂ ಕೈ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ ತಮ್ಮಾ.

ಇನ್ನೊಂದು ಮಾತು, ಕಾಳುಮೆಣಸು ಕುಯ್ಲು ಬಂತು. ಅಪ್ಪನನ್ನು ಏಣಿ ಹತ್ತಿಸಲೇಬೇಡಿ. ಬೇಡ ಅಂದರೂ ಹತ್ತುವ ಜನ ನಮ್ಮವರು, ಏಣಿಯನ್ನೇ ಕೆಲಸದವರ ಲೈನ್ ಮನೆ ಕಡೆ ಇಟ್ಟುಬಿಡಿ. ತೋಟದ ರಸ್ತೆಯಲ್ಲಿ ಜೀಪಿನ ಹಿಂದೆ ಕೂರಿಸೋದೂ ಬೇಡ.

ತೋಟದಮನೆ (ಸೋಮವಾರಪೇಟೆ)

ಅಕ್ಕಾ, ಸರ್, ತುಂಬಾ ಥ್ಯಾಂಕ್ಸ್. ಈಗಷ್ಟೇ ಮುಷ್ಟಿ ಪರೀಕ್ಷೆ ಮಾಡಿಸಿದೆ, ಬಲಗೈ 11, ಎಡಗೈ 13. ಕಿರುಬೆರಳು ಪೂರ್ತಿ ಬಿಚ್ಚಿಕೊಳ್ಳುತ್ತಲೇ ಇಲ್ಲ. ರಿಪೋರ್ಟ್ ಮತ್ತೆ ನೋಡಿದೆ, ನಾಳದ 55 ಶೇಕಡಾ ಮುಚ್ಚಿದೆ ಅಂತ ಕೊನೆಯ ಸಾಲಿನಲ್ಲಿದೆ. ರಾತ್ರಿ ಮೂತ್ರಕ್ಕೆ ಓಡೋದು ಶುಗರ್‌ನಿಂದ ಅಂದುಕೊಂಡಿದ್ದೆವು, ಅದನ್ನೂ ಹೇಳಬೇಕಾ?

ಎಕ್ಸ್‌ರೇರೂಮ್ (ಮಡಿಕೇರಿ)

ಖಂಡಿತ ಹೇಳಿ, ಅದನ್ನೇ ಮೊದಲು ಹೇಳಿ. ಶುಗರ್‌ನಿಂದಲೂ ಇರಬಹುದು, ಆದರೆ ಕೈ ಹೀಗಿರುವಾಗ ಬೆನ್ನುಹುರಿಯಿಂದ ಅಲ್ಲ ಅಂತ ಯಾರಾದರೂ ಪರೀಕ್ಷೆ ಮಾಡಿಯೇ ಹೇಳಬೇಕು. ಈ ವಾರವೇ ಹೋಗಿ, ಕುಯ್ಲು ಮುಗಿಯಲಿ ಅಂತ ಕಾಯಬೇಡಿ. ರಿಪೋರ್ಟ್ ಹಾಳೆ ಸಾಲದು, ಸಿಟಿ ಮತ್ತು ಎಂಆರ್‌ಐ ಸಿಡಿ ಎರಡೂ ಒಯ್ಯಿರಿ. ಮೂರನೇ ಅಭಿಪ್ರಾಯ ಬೇಕಾದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ನಡುವೆ ಮೂತ್ರ ಕಟ್ಟಿಕೊಂಡರೆ, ಕಾಲು ಇದ್ದಕ್ಕಿದ್ದಂತೆ ಸೋತರೆ ಅಪಾಯಿಂಟ್‌ಮೆಂಟ್ ನೋಡಬೇಡಿ, ಸೀದಾ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ.