ಮೊದಲ ಸಲ ಮಾಡುವವರಿಗೆ ಕೈಪಿಡಿ ಮಾಲೆ: ಬಲ್ಲವರು ಚಲೋ ಅಂತಾರ, ಹೊಸಬರು ಅಲ್ಲೇ ನಿಲ್ತಾರ

ತಿಕೋಟಾ_ಬಳ್ಳಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ನಾವು ಐದಾರು ಮಂದಿ ಸೇರಿ ಸಣ್ಣ ಕೈಪಿಡಿಗಳ ಮಾಲೆಯೊಂದನ್ನು ತರಬೇಕೆಂದಿದ್ದೇವೆ. ಮೊದಲನೆಯದು ಒಣದ್ರಾಕ್ಷಿ ಮಾಡುವುದು. ಆಮೇಲೆ ಹನಿ ನೀರಾವರಿ ದುರಸ್ತಿ, ಹೊಲಿಗೆ, ಮೋಟಾರ್ ಸ್ಟಾರ್ಟರ್. ಒಂದೊಂದೂ 64 ಪುಟ. ಒಣದ್ರಾಕ್ಷಿಯ ಕರಡು ಮುಗಿದಿದೆ: ಮೊದಲ 14 ಪುಟ ದ್ರಾಕ್ಷಿಯ ಇತಿಹಾಸ, ತಳಿ, ಪೋಷಕಾಂಶ, ಕೆಲಸದ ವಿಧಾನ 15ನೇ ಪುಟದಿಂದ. ಗೊತ್ತಿದ್ದವರು ಓದಿ ಮೆಚ್ಚಿದರು. ಹೊಸಬರ ಕೈಗೆ ಕೊಟ್ಟರೆ ಅವರಿಗೆ ಕೆಲಸ ಸಾಗುತ್ತಿಲ್ಲ. ಮುಖ್ಯ ಪ್ಯಾರಾ ಹೀಗಿದೆ:

"ದ್ರಾವಣವನ್ನು ಸಿದ್ಧಪಡಿಸಿಕೊಂಡು ಸೂಕ್ತ ಪ್ರಮಾಣದಲ್ಲಿ ಎಣ್ಣೆ ಬೆರೆಸಿ ಗೊಂಚಲುಗಳನ್ನು ಸ್ವಲ್ಪ ಹೊತ್ತು ಅದ್ದಿ ನೆರಳಿನಲ್ಲಿ ಚೆನ್ನಾಗಿ ಒಣಗಿಸಬೇಕು."

ಇಂಗ್ಲಿಷಿನ ಆ ಹಳದಿ-ಕಪ್ಪು ರಕ್ಷಾಪುಟದ 'ಫಾರ್ ಡಮ್ಮೀಸ್' (ದಡ್ಡರಿಗಾಗಿ) ಮಾಲೆ ಅಷ್ಟು ಬೆಳೆದದ್ದು ಹೇಗೆ, ಅದರಿಂದ ನಾವು ಏನು ತೆಗೆದುಕೊಳ್ಳಬಹುದು? ಮುದ್ರಣದ ಬಗ್ಗೆಯೂ ತಿಳಿದವರು ಹೇಳಿರಿ.

---

ಓದುಕಟ್ಟೆ_ಬಾಗಲಕೋಟೆ:

ಹೊಸಬರಿಗಾಗಿ ಮಾಲೆ ಎಂಬುದು ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 'ಟೀಚ್ ಯುವರ್‌ಸೆಲ್ಫ್' ಮಾಲೆ 1938ರಲ್ಲೇ ಶುರುವಾಗಿತ್ತು. ಆದರೆ ಅದು ಮೊದಲ ಪುಟದಿಂದ ಕೊನೆಯವರೆಗೆ ಕೂತು ಕಲಿಯುವವರಿಗೆ. ನೀವು ಹೇಳುವ ಹಳದಿ ಮಾಲೆಯ ಮೊದಲ ಪುಸ್ತಕ 1991ರ ನವೆಂಬರಿನಲ್ಲಿ ಬಂತು, ವಿಷಯ ಡಾಸ್, ಅಂದರೆ ಆಗಿನ ಪಿಸಿ ನಡೆಸುತ್ತಿದ್ದ ತಂತ್ರಾಂಶ. ಐಬಿಎಂ ಪಿಸಿ 1981ರಲ್ಲೇ ಬಂದಿತ್ತು, ಹತ್ತು ವರ್ಷದಲ್ಲಿ ಕಚೇರಿ, ಮನೆ ಎಲ್ಲ ಕಡೆ ಹೊಕ್ಕಿತ್ತು. ಜೊತೆಗೆ ಕೊಡುತ್ತಿದ್ದ ಮ್ಯಾನ್ಯುಯಲ್ ಮಾತ್ರ ಯಂತ್ರದ ಕಡೆಯಿಂದ ಬರೆದದ್ದು: ಆಜ್ಞೆಗಳು ಅಕಾರಾದಿಯಾಗಿ, ಒಂದೊಂದಕ್ಕೂ ಎಲ್ಲ ಆಯ್ಕೆಗಳು. ಓದುವವನಿಗೆ ಬೇಕಿದ್ದದ್ದು "ಕಡತ ಅಳಿಸಿಹೋಯಿತು, ಈಗ ಏನು?" ಎಂಬುದಕ್ಕೆ ಉತ್ತರ. ಮೊದಲ ಮುದ್ರಣ 7,500 ಪ್ರತಿ. ಕೊಳ್ಳುವವರನ್ನೇ ದಡ್ಡರೆಂದು ಕರೆಯುವ ಹೆಸರು ನೋಡಿ ಅಂಗಡಿಯವರು ಹಿಂಜರಿದಿದ್ದರು. 1993ರಲ್ಲಿ ಎದುರಾಳಿಯಾಗಿ ಇನ್ನೊಂದು ಮಾಲೆ ಹುಟ್ಟಿತು. 1994ಕ್ಕೆ ಹಳದಿ ಮಾಲೆ ಮನೆಯ ಹಣಕಾಸಿಗೂ ಕೈಹಾಕಿತು. 2001ರಲ್ಲಿ ಅದು ವೈಲಿ ಪ್ರಕಾಶನದ ಪಾಲಾಯಿತು.

ಬೆಳೆದದ್ದು ಹಾಸ್ಯದಿಂದ ಎನ್ನುವವರುಂಟು. ನನಗೆ ಹಾಗನ್ನಿಸುವುದಿಲ್ಲ, ಅದು ಬೆಳೆದದ್ದು ಅಚ್ಚಿನಿಂದ, ಅಂದರೆ ಎಲ್ಲ ಪುಸ್ತಕಕ್ಕೂ ಇರುವ ಒಂದೇ ಚೌಕಟ್ಟಿನಿಂದ. ಪ್ರತಿ ಅಧ್ಯಾಯ ತಾನೇ ನಿಲ್ಲುತ್ತದೆ, 9ನೆಯದನ್ನು ಓದಲು 8 ಓದಿರಬೇಕಿಲ್ಲ. ಅಂಚಿನಲ್ಲಿ ನಾಲ್ಕೈದೇ ಚಿಹ್ನೆ: ಸುಳಿವು, ನೆನಪಿಡಿ, ಎಚ್ಚರ, ಬೇಕಿದ್ದರೆ ಮಾತ್ರ ಓದುವ ತಾಂತ್ರಿಕ ಮಾತು. ಆರಂಭದಲ್ಲಿ ಹರಿದಿಟ್ಟುಕೊಳ್ಳುವ ಒಂದು ಹಾಳೆ ಇರುತ್ತಿತ್ತು, ಕೊನೆಗೆ ಹತ್ತತ್ತು ಅಂಶಗಳ ಅಧ್ಯಾಯಗಳು. ಈ ಅಚ್ಚು ಇದ್ದುದರಿಂದ ಲೇಖಕ ಯಾರೇ ಆಗಲಿ, ವಿಷಯ ಏನೇ ಆಗಲಿ, ಪುಸ್ತಕ ಒಂದೇ ಮನೆಯ ಕೂಸಿನಂತೆ ಕಾಣುತ್ತದೆ.

ಹೆಸರು ಮಾತ್ರ ಅನುವಾದಿಸಬ್ಯಾಡ್ರಿ. 'ದಡ್ಡರಿಗಾಗಿ ಒಣದ್ರಾಕ್ಷಿ' ಅಂದರೆ ನಮ್ಮ ಕಡೆ ಯಾರೂ ಮನೆಗೆ ಒಯ್ಯುವುದಿಲ್ಲ. 'ಮೊದಲ ಸಲದ ಒಣದ್ರಾಕ್ಷಿ' ಅನ್ನಿ, ಸಾಕು. ನಿಮ್ಮ ಆ 14 ಪುಟ ತೆಗೆಯಿರಿ. ಹಣ್ಣು ಕೊಯ್ದು ಶೆಡ್ ಮುಂದೆ ನಿಂತವನಿಗೆ ಪೋಷಕಾಂಶದ ಪಟ್ಟಿ ಯಾಕೆ?

---

ಕರಡು_ಕತ್ತರಿ:

ಪ್ಯಾರಾ ನೋಡಿದೆ. ಅದರಲ್ಲಿ ಮೂರು ಕಳ್ಳ ಶಬ್ದಗಳಿವೆ: ಸೂಕ್ತ, ಸ್ವಲ್ಪ, ಚೆನ್ನಾಗಿ. ಮೂರನ್ನೂ ಬಲ್ಲವನು ತನ್ನ ಅನುಭವದಿಂದ ತುಂಬಿಕೊಳ್ಳುತ್ತಾನೆ. ಅದಕ್ಕೇ ಬಲ್ಲವರೆಲ್ಲ ಮೆಚ್ಚಿದರು. ಹೊಸಬನ ಬಳಿ ತುಂಬಲು ಏನೂ ಇಲ್ಲ.

ಅದಕ್ಕಿಂತ ದೊಡ್ಡ ತೊಡಕು ನಮ್ಮ ವ್ಯಾಕರಣದ್ದು. 'ಬೆರೆಸಿ', 'ಅದ್ದಿ' ಇವು "ಬೆರೆಸಿದ ಮೇಲೆ" ಎಂದೂ ಆಗುತ್ತವೆ, "ಬೆರೆಸಿರಿ" ಎಂಬ ಸೂಚನೆಯೂ ಆಗುತ್ತವೆ. ನಾಲ್ಕು ಕ್ರಿಯಾಪದ ಪೋಣಿಸಿದರೆ ಎಲ್ಲಿ ನಿಂತು ಪರೀಕ್ಷಿಸಬೇಕು ಎಂಬುದೇ ತಿಳಿಯದು. ಸೂಚನೆಗೆ ಯಾವಾಗಲೂ 'ಬೆರೆಸಿರಿ, ಅದ್ದಿರಿ' ರೂಪ ಬಳಸಿರಿ, ಒಂದು ಕ್ರಿಯೆಗೊಂದು ವಾಕ್ಯ. ಎಚ್ಚರಿಕೆಯ ಮಾತಿನಲ್ಲೂ ಇದೇ ಅಪಾಯ: ಕನ್ನಡದಲ್ಲಿ 'ಬೇಡಿ' ಬರುವುದು ವಾಕ್ಯದ ಕೊನೆಗೆ. ಉದ್ದ ವಾಕ್ಯವಾದರೆ ಓದುವವನ ಕೈ 'ಬೇಡಿ'ಗಿಂತ ಮೊದಲೇ ಕೆಲಸ ಮಾಡಿಬಿಟ್ಟಿರುತ್ತದೆ. ಎಚ್ಚರಿಕೆ ಐದಾರು ಶಬ್ದ ಮೀರಬಾರದು, ಹೆಜ್ಜೆಗಿಂತ ಮೇಲೆ ಬರಬೇಕು.

ನಾನಾದರೆ ಹೀಗೆ ಬರೆಯುತ್ತಿದ್ದೆ:

ಮೊದಲು ಸಿಹಿ ಅಳೆಯಿರಿ. ರಿಫ್ರ್ಯಾಕ್ಟೋಮೀಟರಿನಲ್ಲಿ (ರಸದ ಸಿಹಿ ಅಳೆಯುವ ಉಪಕರಣ) 22 ಬ್ರಿಕ್ಸ್ (ಸಿಹಿಯ ಅಳತೆ) ಆದರೂ ಬಂದಿರಬೇಕು. ಕಡಿಮೆಯಿದ್ದರೆ ತೂಕವೂ ಬಾರದು, ಕಾಳು ಸೊರಗುತ್ತದೆ.

100 ಲೀಟರ್ ನೀರಿಗೆ ಪೊಟ್ಯಾಷಿಯಂ ಕಾರ್ಬೊನೇಟ್ 2.5 ಕೆ.ಜಿ. ಹಾಕಿರಿ. ಹರಳು ಪೂರ್ತಿ ಕರಗುವವರೆಗೆ ಕಲಕಿರಿ.

ಈಗ ಡಿಪ್ಪಿಂಗ್ ಆಯಿಲ್ (ದ್ರಾಕ್ಷಿ ಅದ್ದಲೆಂದೇ ಮಾರುವ ಎಣ್ಣೆ) 1.5 ಲೀಟರ್ ತೆಗೆದುಕೊಳ್ಳಿರಿ. ಸಣ್ಣ ಧಾರೆಯಲ್ಲಿ ಸುರಿಯಿರಿ, ಇನ್ನೊಬ್ಬರು ಕಲಕುತ್ತಿರಲಿ. ನೀರು ಹಾಲಿನ ಬಣ್ಣಕ್ಕೆ ತಿರುಗಬೇಕು.

ಎಣ್ಣೆ ತೇಲಿದರೆ ಅದ್ದಬೇಡಿ. ಕಾರ್ಬೊನೇಟ್ ಕರಗುವ ಮೊದಲೇ ಎಣ್ಣೆ ಸುರಿದಿರಬಹುದು, ಇಲ್ಲವೇ ಕಾರ್ಬೊನೇಟ್ ಕಳಪೆಯದು, ಇಲ್ಲವೇ ಬೋರಿನ ನೀರು ಗಡಸು. ಗಡಸು ನೀರಿನ ಸುಣ್ಣದಂಶ ಕಾರ್ಬೊನೇಟಿನ ಜೊತೆ ಸೇರಿ ಬಿಳಿ ಗಸಿಯಾಗಿ ತಳಕ್ಕೆ ಕೂಡುತ್ತದೆ.

ಗೊಂಚಲನ್ನು 2ರಿಂದ 4 ನಿಮಿಷ ಅದ್ದಿರಿ. ಸೋರಲು ಬಿಡಿರಿ. ಶೆಡ್ಡಿನ ಜಾಳಿಗೆಯ ಮೇಲೆ ಒಂದೇ ಪದರಾಗಿ ಹರಡಿರಿ.

ಯಾಕೆ ಅದ್ದಬೇಕು ಎಂಬುದಕ್ಕೆ ಎರಡೇ ಸಾಲು ಸಾಕು: ಸಿಪ್ಪೆಯ ಮೇಲಿನ ಮೇಣ ನೀರನ್ನು ಹೊರಗೆ ಬಿಡುವುದಿಲ್ಲ, ಈ ದ್ರಾವಣ ಆ ಮೇಣದ ಕಟ್ಟು ಸಡಿಲಿಸುತ್ತದೆ. ಅದಕ್ಕೇ ನೆರಳಿನಲ್ಲೂ 12ರಿಂದ 15 ದಿನಕ್ಕೆ ಒಣಗುತ್ತದೆ. ಬಿಸಿಲಿಗೆ ಹಾಕಿದರೆ ಬಣ್ಣ ಕಂದಾಗುತ್ತದೆ. ಹೆಚ್ಚುಕಡಿಮೆ 4 ಕೆ.ಜಿ. ಹಣ್ಣಿಗೆ 1 ಕೆ.ಜಿ. ಒಣದ್ರಾಕ್ಷಿ ಎಂಬ ಲೆಕ್ಕವನ್ನೂ ಇಲ್ಲೇ ಕೊಡಿರಿ, ಇಲ್ಲದಿದ್ದರೆ ಮೊದಲ ಸಲದವನು "ಎಲ್ಲಾ ಹಾಳಾಯ್ತು" ಎಂದು ಗಾಬರಿಯಾಗುತ್ತಾನೆ.

ಇನ್ನೊಂದು: 100 ಲೀಟರಿನ ಲೆಕ್ಕದ ಕೆಳಗೆ 15 ಲೀಟರ್ ಬಕೆಟ್ಟಿನ ಲೆಕ್ಕವೂ ಇರಲಿ (375 ಗ್ರಾಂ, 225 ಮಿ.ಲೀ.). ಭಾಗಾಕಾರವನ್ನು ಓದುಗನ ತಲೆಗೆ ಕಟ್ಟಿದರೆ ತಪ್ಪುವುದು ಅಲ್ಲೇ.

---

ಅಚ್ಚುಮೊಳೆ_ಬೆಳಗಾವಿ:

ಮುದ್ರಣದ್ದು ನಾ ಹೇಳ್ತೀನ್ರಿ. 14 ಪುಟ ಹೋದರೆ 50 ಉಳಿದವು. ಇನ್ನೆರಡು ಕತ್ತರಿಸಿ 48ಕ್ಕೆ ತರ್ರಿ: ಡೆಮಿ ಅಷ್ಟದಳದಾಗ (ಸಾಮಾನ್ಯ ಪುಸ್ತಕದ ಅಳತಿ) 16 ಪುಟದ ಮೂರು ಫಾರ್ಮ್ (ಒಟ್ಟಿಗೆ ಅಚ್ಚಾಗಿ ಮಡಚೂ ಹಾಳಿ) ಸರಿಯಾಗಿ ಕೂಡ್ತಾವ. 50 ಅಂತ ಹಟ ಹಿಡಿದರೆ ಮ್ಯಾಲಿನ ಎರಡು ಪುಟಕ್ಕ ಬ್ಯಾರೆ ತುಂಡು ಹಾಳಿ, ಬ್ಯಾರೆ ಪ್ಲೇಟ್.

ಬೈಂಡಿಂಗ್ ಸೆಂಟರ್ ಪಿನ್ನೇ (ನಡು ಮಡಿಕಿಗೆ ಪಿನ್) ಇರಲಿ. ಗಮ್ ಬೈಂಡಿಂಗ್ ಪುಸ್ತಕ ತೆರೆದಿಟ್ಟರ ತಾನೇ ಮುಚ್ಚಿಕೊಳ್ತದ, ಕೈಯಾಗ ಎಣ್ಣಿ ಇದ್ದವರು ಹಾಳಿ ಒತ್ತಿ ಹಿಡಿಯೂದು ಹ್ಯಾಂಗ? ಪಿನ್ ಹಾಕಿದಾಗ ಒಳಗಿನ ಹಾಳಿ ಹೊರಗ ಚಾಚಿ ಕಟಿಂಗಿನಾಗ ಹೋಗ್ತಾವ, ಅದಕ್ಕ ಹೊರ ಅಂಚು 12 ಮಿ.ಮೀ.ಗಿಂತ ಕಡಿಮಿ ಇಡಬ್ಯಾಡ್ರಿ. ಅಂಚಿನ ಚಿಹ್ನೆ ಮೊದಲು ಬಲಿ ಆಗೂದು ಅಲ್ಲೇ. ಒಳಗ 70 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ ತೂಕ) ಮ್ಯಾಪ್ಲಿಥೋ ಹಾಳಿ, ರಕ್ಷಾಪುಟ 250 ಜಿಎಸ್‌ಎಂ ಆರ್ಟ್ ಕಾರ್ಡಿಗೆ ಲ್ಯಾಮಿನೇಶನ್. ಮ್ಯಾಪ್ಲಿಥೋ ಮ್ಯಾಲೆ ಕಪ್ಪು-ಬಿಳಿ ಫೋಟೋ ಮಸಿ ಆಗ್ತದ, ರೇಖಾಚಿತ್ರ ಬರೆಸ್ರಿ. ಹಾಲಿನ ಬಣ್ಣ ತೋರಿಸೂದು ಇದ್ದರ ಹಿಂಬದಿ ರಕ್ಷಾಪುಟದ ಮ್ಯಾಲೆ ಕಲರ್ ಫೋಟೋ ಹಾಕ್ರಿ.

ಅಕ್ಷರ 12 ಪಾಯಿಂಟ್ ಇದ್ದರ ಸಾಲಿನ ಅಂತರ 18. ಇಂಗ್ಲಿಷ್ ಲೆಕ್ಕದಾಗ 14 ಇಟ್ಟರ ಒತ್ತಕ್ಷರ ಕೆಳಗಿನ ಸಾಲಿನ ತಲಿಗೆ ಬಡೀತಾವ.

ಕರಡು ಹಳೇ 'ನುಡಿ' ತಂತ್ರಾಂಶದಾಗ ಟೈಪ್ ಆಗಿದ್ದರ ಯೂನಿಕೋಡಿಗೆ ತಿರುಗಿಸಿದ ಮ್ಯಾಲೆ ಅರ್ಕಾವೊತ್ತು ಒಂದೊಂದಾಗಿ ನೋಡ್ರಿ. ಹಳೇ ಫಾಂಟಿನಾಗ ಅರ್ಕಾವೊತ್ತು ಅಕ್ಷರದ ನಂತರ ಕೂತಿರ್ತದ, ಕೆಟ್ಟ ಪರಿವರ್ತಕ 'ಕಾರ್ಬೊನೇಟ್' ಇದ್ದದ್ದನ್ನ 'ಕಾಬೊರ್ನೇಟ್' ಮಾಡಿ ಕೊಡ್ತದ. ರೋಮನ್ ಲಿಪಿಯಾಗಿನ ಅಳತಿ ಸಂಕೇತಗಳೂ ಕನ್ನಡ ಚೂರುಗಳಾಗಿ ಬಿಡ್ತಾವ. ಅಳತಿ ತಪ್ಪಿದ ಕೈಪಿಡಿ ಇರೂದಕ್ಕಿಂತ ಇಲ್ಲದಿರೂದ ಚಲೋ.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡ್ತದ, ಶುಲ್ಕ ಇಲ್ಲ. ಅರ್ಜಿ ಆನ್‌ಲೈನ್.

---

ತಿಕೋಟಾ_ಬಳ್ಳಿ:

ಉಪಕಾರವಾಯಿತು. ಕರಡಿನಲ್ಲಿ ಆ ಮೂರು ಶಬ್ದ ಹುಡುಕಿದೆ, 61 ಸಲ ಬಂದಿವೆ! ಎರಡು ಪ್ರಶ್ನೆ ಉಳಿದವು. 'ಒಣದ್ರಾಕ್ಷಿ' ಅನ್ನಬೇಕೋ 'ಮಣೂಕ' ಅನ್ನಬೇಕೋ? ಮತ್ತೆ, ಇದು ಹೊಸಬರಿಗೆ ಸಾಕಾಗುತ್ತದೆ ಎಂದು ಅಚ್ಚಿಗೆ ಹೋಗುವ ಮೊದಲು ತಿಳಿಯುವುದು ಹೇಗೆ?

---

ಕರಡು_ಕತ್ತರಿ:

ಪುಸ್ತಕದ ಒಳಗೆ ಒಂದೇ ಶಬ್ದ ಹಿಡಿಯಿರಿ, ಯಾವುದಾದರೂ ಸರಿ. ಒಂದು ಪುಟದಲ್ಲಿ ಜಾಳಿಗೆ, ಮತ್ತೊಂದರಲ್ಲಿ ರ್‍ಯಾಕ್ ಅಂದರೆ ಹೊಸಬ ಎರಡು ಸಾಮಾನು ಹುಡುಕುತ್ತಾನೆ. ಕೊನೆಯ ಪದಸೂಚಿಯಲ್ಲಿ ಮಾತ್ರ ಎಲ್ಲ ಹೆಸರೂ ಇರಲಿ, ಜೊತೆಗೆ ತೊಂದರೆಗಳೂ ಇರಲಿ: 'ಅಂಟಿದರೆ', 'ಕಪ್ಪಾದರೆ', 'ಮಳೆ ಬಂದರೆ'. ಜನ ಹುಡುಕುವುದು ಹಾಗೆಯೇ, 'ಆರ್ದ್ರತೆ' ಎಂದು ಯಾರೂ ಹುಡುಕುವುದಿಲ್ಲ.

ಪರೀಕ್ಷೆಗೆ ಎಂದೂ ಮಾಡದ ಮೂವರು ಬೇಕು, ಒಬ್ಬೊಬ್ಬರಾಗಿ. 10 ಲೀಟರ್ ನೀರು, 250 ಗ್ರಾಂ ಕಾರ್ಬೊನೇಟ್, 150 ಮಿ.ಲೀ. ಎಣ್ಣೆ ಮುಂದಿಟ್ಟು ಕರಡು ಕೊಡಿರಿ. ನೀವು ಬಾಯಿ ಬಿಡಬಾರದು. ಅವರು ಪುಟದಿಂದ ತಲೆಯೆತ್ತಿ ನಿಮ್ಮ ಮುಖ ನೋಡಿದ ಕಡೆಯೆಲ್ಲ ಗುರುತು ಹಾಕಿರಿ. ಮೂವರಲ್ಲಿ ಇಬ್ಬರು ಒಂದೇ ಸಾಲಿನಲ್ಲಿ ತಲೆಯೆತ್ತಿದರೆ ಆ ಸಾಲು ಮತ್ತೆ ಬರೆಯಬೇಕು. "ತಿಳಿಯಿತಾ?" ಎಂದು ಕೇಳಬೇಡಿ. ಮರ್ಯಾದೆಗೆ ಎಲ್ಲರೂ ಹೂಂ ಅಂತಾರೆ. ಹಣ್ಣು ಫೆಬ್ರವರಿಯಿಂದ ಏಪ್ರಿಲ್ ತನಕ ಮಾತ್ರ ಸಿಗುವುದರಿಂದ ಇದನ್ನು ಹಂಗಾಮಿನ ಮೊದಲ ವಾರದಲ್ಲೇ ಮುಗಿಸಿರಿ.

---

ಓದುಕಟ್ಟೆ_ಬಾಗಲಕೋಟೆ:

ಸ್ಟಾರ್ಟರ್ ಕೈಪಿಡಿಗೆ ಈಗಲೇ ಒಂದು ಮಾತು. ಅಧ್ಯಾಯ ತಾನೇ ನಿಲ್ಲಬೇಕು ಎಂದೆನಲ್ಲ, ಅದರ ಇನ್ನೊಂದು ಮುಖ ಇದು: ಓದುಗ 3ನೇ ಪುಟ ನೋಡದೆ ನೇರ 27ಕ್ಕೆ ಬರುತ್ತಾನೆ. ಮೇನ್ ಸ್ವಿಚ್ ಇಳಿಸಿ, ಟೆಸ್ಟರ್ ಹಚ್ಚಿ ಮೂರೂ ಫೇಸಿನಲ್ಲಿ ಕರೆಂಟ್ ಇಲ್ಲದಿರುವುದನ್ನು ನೋಡಬೇಕು ಎಂಬುದನ್ನು ಪೀಠಿಕೆಯಲ್ಲಿ ಒಂದು ಸಲ ಹೇಳಿ ಬಿಡಬೇಡಿ. ಪೆಟ್ಟಿಗೆ ಬಿಚ್ಚುವ ಹೆಜ್ಜೆ ಇರುವ ಪ್ರತಿ ಪುಟದ ತಲೆಯ ಮೇಲೂ ಅದೇ ಸಾಲು ಅಚ್ಚಾಗಲಿ.