ಬುದ್ಧಿ ಹಲ್ಲು ತೆಗೆಸಿದ ಮೇಲೆ ಮನೆಯಲ್ಲಿ ಹೇಗಿರಬೇಕು? ಮಾಡಿಸಿಕೊಂಡವರು ಹೇಳಿ

ನಿಟ್ಟುವಳ್ಳಿಯಿಂದ ಕೇಳಿದವರು:

ನಮಸ್ಕಾರ. ಬರುವ ಗುರುವಾರ ನನಗೆ ಕೆಳಗಿನ ಬುದ್ಧಿ ಹಲ್ಲು ತೆಗೆಸುವುದಿದೆ. ಹಲ್ಲು ಅಡ್ಡ ಮಲಗಿದೆಯಂತೆ. ಒಸಡು ಕೊಯ್ದು, ಸ್ವಲ್ಪ ಮೂಳೆ ಕೆರೆದು, ಹಲ್ಲನ್ನು ತುಂಡು ಮಾಡಿ ತೆಗೆದು ಹೊಲಿಗೆ ಹಾಕುತ್ತಾರಂತೆ. ಕೊಟ್ಟ ಚೀಟಿಯಲ್ಲಿ 'ಮೆತ್ತಗಿನ ಊಟ, ವಿಶ್ರಾಂತಿ' ಅಂತಷ್ಟೇ ಇದೆ. ಮನೆಯಲ್ಲಿ ನಾನು, ಅತ್ತೆ, ಎರಡನೇ ಕ್ಲಾಸಿನ ಮಗ. ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಅತ್ತೆ ಆಗಲೇ ಲವಂಗ, ಅರಿಶಿನ ತೆಗೆದಿಟ್ಟಿದ್ದಾರೆ. ಏನು ತಿನ್ನಬಹುದು, ಎಷ್ಟು ದಿನ ಹಿಡಿಯುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

ಪಿ.ಜೆ. ಬಡಾವಣೆಯಿಂದ:

ಅಕ್ಕಾ, ನಾನು ಎರಡೂ ಕಡೆಯದು ತೆಗೆಸಿದ್ದೇನೆ, ಆರು ತಿಂಗಳ ಅಂತರದಲ್ಲಿ. ಮೊದಲ ಸಲ ಬಾಯಿಗೆ ಏನೇನೋ ಆರೈಕೆ ಮಾಡಿದೆ. ಎರಡನೇ ಸಲ ಸುಮ್ನೆ ಬಿಟ್ಟೆ. ಬೇಗ ವಾಸಿಯಾಗಿದ್ದು ಎರಡನೆಯದು.

ವಿಷಯ ಇಷ್ಟೇ. ಹಲ್ಲು ಕಿತ್ತ ಗುಂಡಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂರುತ್ತದೆ. ಆ ಗಾಯಕ್ಕೆ ಅದೇ ಮುಚ್ಚಳ. ಉಗುಳಿದರೆ, ಸ್ಟ್ರಾ ಹಾಕಿ ಎಳನೀರು ಹೀರಿದರೆ, ಜೋರಾಗಿ ಬಾಯಿ ಮುಕ್ಕಳಿಸಿದರೆ ಆ ಹೆಪ್ಪು ಕಿತ್ತು ಬರುತ್ತದೆ. ಮೊದಲ ಸಲ ನಾನು ಮಾಡಿದ್ದು ಅದೇ. ರಕ್ತದ ರುಚಿಗೆ ಹೇಸಿಗೆಯಾಗಿ ಸಂಜೆಯಿಡೀ ಸಿಂಕಿನ ಹತ್ತಿರ ನಿಂತು ಉಗುಳಿದ್ದೇ ಉಗುಳಿದ್ದು. ನಾಲ್ಕು ಹನಿ ರಕ್ತ ಬಾಯಿ ತುಂಬ ಎಂಜಲಿಗೆ ಬೆರೆತರೆ ಬಿಂದಿಗೆ ರಕ್ತ ಹೋದ ಹಾಗೆ ಕಾಣುತ್ತದೆ, ಮೊದಲ ದಿನ ಎಂಜಲು ಕೆಂಪಗಿರುವುದು ಮಾಮೂಲಿ ಅಂತ ಆಗ ಗೊತ್ತಿರಲಿಲ್ಲ. ಮೂರನೇ ದಿನ ಸ್ವಲ್ಪ ಹಗುರ ಅನ್ನಿಸಿತು, ಗೆಳೆಯರು ಕರೆದರು, ಹೋಗಿ ನರ್ಗಿಸ್ ಮಂಡಕ್ಕಿ, ಮೆಣಸಿನಕಾಯಿ ತಿಂದು ಬಂದೆ. ದಾವಣಗೆರೆಯವನು ಮೂರು ದಿನ ಮಂಡಕ್ಕಿ ಬಿಟ್ಟಿದ್ದೇ ದೊಡ್ಡದು ಅನ್ನಿ.

ನಾಲ್ಕನೇ ದಿನ ರಾತ್ರಿ ಕಿವಿಯೊಳಗೆ ದಬ್ಬಣ ಹಾಕಿ ತಿರುಗಿಸಿದ ಹಾಗೆ ನೋವು. ಮಾತ್ರೆಗೆ ಬಗ್ಗಲಿಲ್ಲ. ಬಾಯೆಲ್ಲ ಕೆಟ್ಟ ವಾಸನೆ. ಮೊಬೈಲ್ ಟಾರ್ಚ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗುಂಡಿ ಖಾಲಿ, ಅಂಚಿನಲ್ಲಿ ಒಂದು ಮಂಡಕ್ಕಿ ಚೂರು ಸಿಕ್ಕಿಕೊಂಡಿದೆ. ಇದಕ್ಕೆ ಡ್ರೈ ಸಾಕೆಟ್ ಅನ್ನುತ್ತಾರೆ. ಡಾಕ್ಟರ್ ಗುಂಡಿ ತೊಳೆದು ಲವಂಗದ ವಾಸನೆಯ ಒಂದು ಔಷಧಿ ತುಂಬಿದರು. ಅರ್ಧ ಗಂಟೆಯಲ್ಲಿ ನೋವು ಇಳಿಯಿತು. ಅಂದರೆ ನಿಮ್ಮ ಅತ್ತೆಯ ಲವಂಗ ಸುಳ್ಳಲ್ಲ ಅಕ್ಕಾ, ಆದರೆ ಹಸಿ ಗಾಯಕ್ಕೆ ನಾವೇ ತುರುಕುವುದಲ್ಲ. ಅರಿಶಿನವೂ ಬೇಡ.

ಎರಡನೇ ಸಲ ಹೀಗೆ ಮಾಡಿದೆ. ಅವರು ಇಟ್ಟ ಹತ್ತಿಯನ್ನು ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಕೊಂಡೆ, ಮಾತಾಡಲಿಲ್ಲ, ತೆಗೆದು ತೆಗೆದು ನೋಡಲಿಲ್ಲ. ಎಂಜಲು ನುಂಗಿದೆ. ಇಂಜೆಕ್ಷನ್ನಿನ ಜೋಮು ಬಿಡುವ ಮುಂಚೆಯೇ ಡಾಕ್ಟರ್ ಹೇಳಿದ ಮೊದಲ ಮಾತ್ರೆ ನುಂಗಿದೆ. ಜೋಮು ಬಿಟ್ಟ ಮೇಲೆ ನೋವಿನ ಹಿಂದೆ ಓಡುವುದು ಕಷ್ಟ. ಮನೆಯಲ್ಲಿ ಐಸ್ ಟ್ರೇ ಇರಲಿಲ್ಲ, ಹಾಲಿನ ಎರಡು ಪ್ಯಾಕೆಟ್ಟನ್ನು ಫ್ರೀಜರಿನಲ್ಲಿ ಕಲ್ಲು ಮಾಡಿಟ್ಟುಕೊಂಡಿದ್ದೆ. ತೆಳು ಟವೆಲ್ಲಿನಲ್ಲಿ ಸುತ್ತಿ ಕೆನ್ನೆಯ ಮೇಲೆ 15 ನಿಮಿಷ ಇಡುವುದು, 15 ನಿಮಿಷ ಬಿಡುವುದು, ಒಂದು ಕರಗಿದರೆ ಇನ್ನೊಂದು. ಇದು ಮೊದಲ ದಿನದ ಕೆಲಸ, ಎರಡು ದಿನದ ಮೇಲೆ ತಣ್ಣಗಿನದು ಅಷ್ಟು ಉಪಯೋಗಕ್ಕೆ ಬರುವುದಿಲ್ಲ, ಆಮೇಲೆ ಬೆಚ್ಚಗಿನ ಬಟ್ಟೆ. ರಾತ್ರಿ ಎರಡು ದಿಂಬು ಹಾಕಿ ತಲೆ ಎತ್ತರ ಮಾಡಿ ಮಲಗಿದೆ. ಉಪ್ಪುನೀರು 24 ಗಂಟೆ ಆದ ಮೇಲೆಯೇ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ಬಾಯಿಗೆ ಹಾಕಿಕೊಂಡು ತಲೆ ಆ ಕಡೆ ಈ ಕಡೆ ವಾಲಿಸಿ, ಬಗ್ಗಿ ಬಾಯಿ ಬಿಟ್ಟರೆ ನೀರು ತಾನೇ ಬೀಳುತ್ತದೆ. ಉಗುಳುವ ಹಾಗೇ ಇಲ್ಲ.

ಚಿತ್ರದುರ್ಗದಿಂದ:

ಊಟದ ವಿಷಯ ನಾನು ಹೇಳುತ್ತೇನೆ ತಂಗಿ. ಮೆತ್ತಗಿನ ಊಟ ಅಂದ ತಕ್ಷಣ ಎಲ್ಲರೂ ಐಸ್‌ಕ್ರೀಮ್ ಅನ್ನುತ್ತಾರೆ, ಎರಡು ದಿನದಲ್ಲಿ ಸಾಕಾಗಿ ಹೋಗುತ್ತದೆ. ಜೋಮು ಪೂರ್ತಿ ಬಿಡುವ ತನಕ ಏನೂ ಅಗಿಯಬೇಡಿ, ನಿಮ್ಮ ತುಟಿ ಕೆನ್ನೆ ನೀವೇ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ. ನಾನು ಕಚ್ಚಿಕೊಂಡಿದ್ದೆ, ಹಲ್ಲಿನ ಗಾಯಕ್ಕಿಂತ ಅದೇ ಜಾಸ್ತಿ ದಿನ ಕಾಡಿತು. ಮೊದಲ ದಿನ ತಣ್ಣಗಿನ ರಾಗಿ ಅಂಬಲಿ, ಮಜ್ಜಿಗೆ ಹಾಕಿ ತೆಳ್ಳಗೆ, ಲೋಟದಿಂದಲೇ ಕುಡಿಯಿರಿ. ಎರಡನೇ ದಿನ ಚೆನ್ನಾಗಿ ಕಿವುಚಿದ ಮೊಸರನ್ನ, ರವೆ ಗಂಜಿ, ಬಾಳೆಹಣ್ಣು. ಮೂರನೇ ದಿನದಿಂದ ಮುದ್ದೆ! ಮುದ್ದೆ ಹೇಗೂ ಅಗಿಯುವುದಲ್ಲ, ನುಂಗುವುದು. ಬಿಸಿ ಆರಿರಬೇಕು, ತುತ್ತು ಸಣ್ಣದಿರಬೇಕು, ಬಾಯಿ ಎರಡು ಬೆರಳು ಅಗಲ ತೆರೆದರೆ ಹೆಚ್ಚು. ಜೊತೆಗೆ ಖಾರವಿಲ್ಲದ ಬೇಳೆಕಟ್ಟು. ನಮ್ಮ ಕಡೆಯವರಿಗೆ ಹೊಟ್ಟೆ ತುಂಬಿದ ಹಾಗೆ ಆಗುವುದು ಅದರಿಂದಲೇ ಅಲ್ವಾ? ರೊಟ್ಟಿ, ಮಂಡಕ್ಕಿ, ಶೇಂಗಾ, ಎಳ್ಳು ಹಾಕಿದ ಚಟ್ನಿಪುಡಿ ಹದಿನೈದು ದಿನ ದೂರ. ಸಣ್ಣ ಚೂರೇ ಗುಂಡಿಗೆ ಹೋಗಿ ಕೂರುವುದು. ಬೆಣ್ಣೆದೋಸೆ ಆರನೇ ದಿನ ತಿಂದೆ, ಗರಿಗರಿ ಅಂಚು ಬಿಟ್ಟು ನಡುವಿನ ಮೆತ್ತಗಿನದು ಮಾತ್ರ, ಇನ್ನೊಂದು ಕಡೆ ಹಲ್ಲಿನಲ್ಲಿ.

ಚನ್ನಗಿರಿಯಿಂದ:

ನಮ್ಮಪ್ಪನಿಗೆ ಹಲ್ಲು ಕೀಳಿಸಿದಾಗ ಎಲ್ಲ ಸರಿ ಇತ್ತು, ಎಲೆ ಅಡಿಕೆ ಒಂದು ಬಿಟ್ಟು. ಅಡಿಕೆ ತೋಟದ ಮನೆ, ಕೇಳಬೇಕಾ. ಎರಡನೇ ದಿನವೇ ಕದ್ದು ಹಾಕಿಕೊಂಡರು, ಹೊಗೆಸೊಪ್ಪು ಸಮೇತ. ಗಾಯ ಕೆಟ್ಟು ಮೂರು ಸಲ ಓಡಾಡಿದೆವು. ನಿಮಗೆ ಆ ಚಟ ಇಲ್ಲದಿರಬಹುದು, ಓದುವ ಬೇರೆಯವರಿಗೆ ಹೇಳಿದೆ. ಬೀಡಿ, ಸಿಗರೇಟು, ಗುಟ್ಕಾ ಎಲ್ಲ ಅದೇ ಲೆಕ್ಕ.

ಹರಿಹರದಿಂದ (ನಾನು ನರ್ಸ್):

ಮಾತ್ರೆಯ ಬಗ್ಗೆ ಯಾರೂ ಹೇಳಲಿಲ್ಲ. ಡಾಕ್ಟರ್ ಬರೆದ ನೋವಿನ ಮಾತ್ರೆಯ ಪಟ್ಟಿ ತಿರುಗಿಸಿ ಓದಿ. ಎಷ್ಟೋ ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಆಗಲೇ ಸೇರಿರುತ್ತದೆ. ಅದರ ಮೇಲೆ ಮನೆಯಲ್ಲಿದ್ದ ಡೋಲೋ 650 ನುಂಗಿದರೆ ಒಂದೇ ಔಷಧಿ ಎರಡು ಸಲ ಹೋದ ಹಾಗೆ, ಅದು ಲಿವರಿಗೆ ಹೊಡೆತ. ಆಸ್ಪಿರಿನ್ ನೀವಾಗಿಯೇ ತೆಗೆದುಕೊಳ್ಳಬೇಡಿ, ರಕ್ತ ಜಾಸ್ತಿ ಹೋಗುತ್ತದೆ. ಹಾರ್ಟಿಗೆ ಅಂತ ದಿನಾ ತೆಗೆದುಕೊಳ್ಳುವವರು ಮಾತ್ರ ಕೇಳದೆ ನಿಲ್ಲಿಸಬಾರದು. ಶುಗರ್, ಅಸ್ತಮಾ, ಗ್ಯಾಸ್ಟ್ರಿಕ್ ಇದ್ದರೆ ಮೊದಲೇ ಹೇಳಿ. ಮೆಟ್ರೊನಿಡಜೋಲ್ ಅನ್ನುವ ಆಂಟಿಬಯಾಟಿಕ್ ಕೊಟ್ಟಿದ್ದರೆ ಬಾಯಿ ಕಬ್ಬಿಣ ನೆಕ್ಕಿದ ಹಾಗೆ ಆಗುತ್ತದೆ, ಗಾಬರಿ ಬೇಡ.

ಊತ ಎರಡನೇ, ಮೂರನೇ ದಿನ ಏರಿ ಆಮೇಲೆ ಇಳಿಯುತ್ತದೆ. ಮೂರನೇ ದಿನ ಬೆಳಿಗ್ಗೆ ಕನ್ನಡಿ ನೋಡಿ ಅಳುತ್ತಾ ಫೋನ್ ಮಾಡುವವರೇ ಜಾಸ್ತಿ. ಗಾಯದ ಮೇಲೆ ಬೆಳ್ಳಗೆ ಪೊರೆ ಬಂದರೆ ಕೀವು ಅಂದುಕೊಂಡು ಕೆರೆಯಬೇಡಿ, ಅದು ಮಾಯುತ್ತಿರುವ ಲಕ್ಷಣ. ಒಸಡು ಮುಚ್ಚಲು ಮೂರು ನಾಲ್ಕು ವಾರ, ಒಳಗೆ ಮೂಳೆ ತುಂಬಲು ತಿಂಗಳುಗಟ್ಟಲೆ. ಮಗನನ್ನು ಎತ್ತುವುದು, ಬಿಂದಿಗೆ ಹೊರುವುದು ಒಂದೆರಡು ದಿನ ಬಿಡಿ.

ಹೆದರಬೇಕಾದದ್ದು ಬೇರೆ ಇದೆ. ಹೊಸ ಹತ್ತಿ ಇಟ್ಟು ಅರ್ಧ ಗಂಟೆ ಬಿಡದೆ ಕಚ್ಚಿದರೂ ರಕ್ತ ಹರಿಯುತ್ತಲೇ ಇದ್ದರೆ, 101 ದಾಟಿ ಜ್ವರ ಬಂದರೆ, ಮೂರು ದಿನ ಕಳೆದ ಮೇಲೂ ಊತ ಏರುತ್ತಾ ಹೋದರೆ, ಮರುದಿನವೂ ತುಟಿಯ ಜೋಮು ಬಿಡದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಗದ್ದದ ಕೆಳಗೆ ಗಟ್ಟಿಯಾಗಿ ಊದಿ ನುಂಗಲು, ಉಸಿರಾಡಲು ಕಷ್ಟವಾದರೆ ಫೋನ್ ಅಲ್ಲ, ರಾತ್ರಿ ಎರಡು ಗಂಟೆಯಾದರೂ ಸೀದಾ ಎಮರ್ಜೆನ್ಸಿಗೆ. ಯಜಮಾನರು ಊರಲ್ಲಿಲ್ಲ ಅಂದಿರಿ, ಮೊದಲ ರಾತ್ರಿಗೆ ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿಟ್ಟಿರಿ.

ನಿಟ್ಟುವಳ್ಳಿಯಿಂದ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಹಲ್ಲು ತೆಗೆಸಿ ಇವತ್ತು ಮೂರನೇ ದಿನ. ನರ್ಸಮ್ಮ ಹೇಳಿದ ಹಾಗೇ ಬೆಳಿಗ್ಗೆ ಕನ್ನಡಿ ನೋಡಿ ಗಾಬರಿಯಾಯಿತು, ಆದರೆ ಅಳಲಿಲ್ಲ. ಮಗ 'ಅಮ್ಮ, ಲಾಡು ಯಾಕೆ ನುಂಗ್ತಾ ಇಲ್ಲ' ಅಂತ ಕೇಳುತ್ತಿದ್ದಾನೆ. ಮೊದಲ ದಿನ ಉಗುಳದೆ ಇರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಲವಂಗ ಬೇಡ ಅಂದಿದ್ದಕ್ಕೆ ಅತ್ತೆ ಮೊದಲು ಮುನಿಸಿಕೊಂಡರು. ಡಾಕ್ಟರೂ ಲವಂಗದ ಔಷಧಿಯನ್ನೇ ಹಾಕುತ್ತಾರಂತೆ ಅಂತ ಪಿ.ಜೆ. ಬಡಾವಣೆಯವರ ಕಥೆ ಓದಿ ಹೇಳಿದೆ, ಮುಖ ಅರಳಿತು. ಆಮೇಲೆ ಹಾಲಿನ ಪ್ಯಾಕೆಟ್ ಬದಲಾಯಿಸುವ ಕೆಲಸ ಅವರದೇ ಆಯಿತು, ಗಡಿಯಾರ ನೋಡಿಕೊಂಡು ಕೂತಿದ್ದರು. ಮಧ್ಯಾಹ್ನ ಮುದ್ದೆ ಆಯಿತು, ನಾಲ್ಕು ಸಣ್ಣ ತುತ್ತು. ಹೊಲಿಗೆಯ ಕಪ್ಪು ದಾರದ ತುದಿ ನಾಲಿಗೆಗೆ ತಾಗುತ್ತಲೇ ಇದೆ, ಮುಟ್ಟಬಾರದು ಅಂದುಕೊಂಡಷ್ಟೂ ನಾಲಿಗೆ ಅಲ್ಲಿಗೇ ಹೋಗುತ್ತದೆ. ಬರುವ ಗುರುವಾರ ಬಿಚ್ಚುತ್ತಾರಂತೆ. ಬಿಚ್ಚುವಾಗ ನೋಯುತ್ತದಾ?

ಪಿ.ಜೆ. ಬಡಾವಣೆಯಿಂದ:

ಇಲ್ಲ ಅಕ್ಕಾ, ಇರುವೆ ಕಚ್ಚಿದಷ್ಟೂ ಇಲ್ಲ. ವಾಪಸ್ ಬರುವಾಗ ಮಂಡಕ್ಕಿ ಅಂಗಡಿ ಮುಂದೆ ಆಟೋ ನಿಲ್ಲಿಸಬೇಡಿ, ಅಷ್ಟೇ.